ಆಷಾಢದಲ್ಲಿ ಗುರುಗಳು ಗಿಟ್ ಕಲಿತದ್ದು

ನಮ್ಮ ಆಫೀಸು ಇರುವುದು ಚಾಮರಾಜಪೇಟೆಯ ಒಂದು ಹಳೆಯ ಮನೆಯ ಮಹಡಿಯಲ್ಲಿ. ಕೆಳಗೆ ಮದುವೆ ಕಾರ್ಡು ಅಚ್ಚು ಹಾಕುವವರು, ಮೇಲೆ ನಾವು. ನಾವು ಮಾಡುವುದೂ ಒಂದು ರೀತಿಯಲ್ಲಿ ಮದುವೆಯ ಕೆಲಸವೇ. ಕಲ್ಯಾಣ ಮಂಟಪಗಳಿಗೆ ಬೇಕಾದ ಸಾಫ್ಟ್‌ವೇರ್ ಬರೆಯುತ್ತೇವೆ. ಯಾವ ದಿನ ಮಂಟಪ ಯಾರಿಗೆ, ಅಡುಗೆಯವರು ಎಷ್ಟು ಹೊತ್ತಿಗೆ ಬರಬೇಕು, ವಧುವಿನ ಕೋಣೆಯ ಬೀಗದ ಕೈ ಯಾರ ಹತ್ತಿರ, ಎಲ್ಲ ಅದರಲ್ಲಿರುತ್ತದೆ. ಆಫೀಸಿನಲ್ಲಿ ಕೈಬೆರಳೆಣಿಕೆಯ ಜನ. ಅವರಲ್ಲಿ ಎಲ್ಲರಿಗಿಂತ ಹಿರಿಯರನ್ನು ನಾವು ಗುರುಗಳು ಎಂದು ಕರೆಯುತ್ತೇವೆ. ಮಾಲೀಕರೂ ಹಾಗೆಯೇ ಕರೆಯುತ್ತಾರೆ. ಸಾಫ್ಟ್‌ವೇರಿನ ಮೊದಲ ಸಾಲು ಬರೆದವರು ಅವರೇ. ನಿವೃತ್ತಿಗೆ ಹತ್ತಿರವಾಗಿದ್ದರೂ ಆ ಮಾತನ್ನು ಅವರೆದುರು ಎತ್ತುವ ಧೈರ್ಯ ಯಾರಿಗೂ ಇರಲಿಲ್ಲ.

ಶುಕ್ರವಾರ ಗುರುಗಳ ದಿನ. ನಾವೆಲ್ಲ ವಾರವಿಡೀ ಬೇರೆಬೇರೆಯಾಗಿ ಬರೆದ ಕೋಡನ್ನು ಒಂದುಗೂಡಿಸಿ, ಮಂಟಪದವರ ಕಂಪ್ಯೂಟರಿನಲ್ಲಿ ಓಡುವ ಪ್ರೋಗ್ರಾಮಾಗಿ ಮಾಡಬೇಕಲ್ಲ, ಅದಕ್ಕೆ ಬಿಲ್ಡ್ ಎನ್ನುತ್ತಾರೆ. ಅದನ್ನು ಗುರುಗಳು ಒಬ್ಬರೇ, ಕೈಯಾರೆ ಮಾಡುತ್ತಿದ್ದರು. ಬೆಳಿಗ್ಗೆ ಪೆನ್‌ಡ್ರೈವ್ ಹಿಡಿದು ಒಬ್ಬೊಬ್ಬರ ಮೇಜಿಗೆ ಬರುತ್ತಿದ್ದರು. "ಏನಿದ್ಯೋ ಹಾಕಮ್ಮ," ಎಂದು ಅದನ್ನು ಮುಂದೆ ಹಿಡಿಯುವ ರೀತಿ ನೋಡಿದರೆ ಭಿಕ್ಷಾಟನೆಗೆ ಹೊರಟ ವಟುವಿನ ನೆನಪಾಗುತ್ತಿತ್ತು. ಆಮೇಲೆ ಮೂಲೆಕೋಣೆಯ ಬಾಗಿಲು ಹಾಕಿಕೊಂಡರೆ ಬಿಲ್ಡ್ ಮುಗಿಯುವವರೆಗೆ ಊಟವಿಲ್ಲ, ಫೋನಿಲ್ಲ.

"ಗುರುಗಳೇ, ಒಂದು ತುತ್ತು ತಿಂದ್ಬಿಟ್ಟು ಮಾಡಿ," ಎಂದರೆ ಒಳಗಿಂದ "ಮಧ್ಯದಲ್ಲಿ ಏಳ್ಬಾರ್ದು ಕಣಮ್ಮ," ಎಂಬ ಉತ್ತರ ಬರುತ್ತಿತ್ತು.

ಅವರ ಕಂಪ್ಯೂಟರಿನಲ್ಲಿದ್ದ ಫೋಲ್ಡರುಗಳ ಹೆಸರು ಓದಿದರೆ ನಗು ಬರುತ್ತಿತ್ತು. ಫೈನಲ್. ಹೊಸ ಫೈನಲ್. ನಿಜವಾದ ಫೈನಲ್. ಇದೇ ಫೈನಲ್. ಇದನ್ನ ಯಾರೂ ಮುಟ್ಟಬೇಡಿ. ಯಾವುದರಲ್ಲಿ ಏನಿದೆ ಎಂಬುದು ಅವರೊಬ್ಬರಿಗೆ ಗೊತ್ತಿತ್ತು, ಅಥವಾ ಗೊತ್ತಿದೆ ಎಂದು ನಾವೆಲ್ಲ ನಂಬಿದ್ದೆವು. ಆ ನಂಬಿಕೆ ಮುರಿದುಬಿದ್ದದ್ದು ಒಂದು ವೈಶಾಖದ ಸಂಜೆ.

ಮಂಟಪವೊಂದರ ಮ್ಯಾನೇಜರ್ ಮಾಲೀಕರಿಗೆ ಫೋನ್ ಮಾಡಿ ಹೆಚ್ಚುಕಮ್ಮಿ ಅಳುತ್ತಿದ್ದರು. ಒಂದೇ ಅಡುಗೆಮನೆಯ ಬಾಗಿಲಲ್ಲಿ ಎರಡು ಟೆಂಪೋ ನಿಂತಿವೆ, ಎರಡರಲ್ಲೂ ಪಾತ್ರೆ ಪಡಗ, ಎರಡರಲ್ಲೂ ಅಡುಗೆಯವರು. ಮರುದಿನಕ್ಕೆ ಒಂದು ಮನೆಯವರ ಉಪನಯನ, ಇನ್ನೊಂದು ಮನೆಯವರ ಆರತಕ್ಷತೆ, ಎರಡಕ್ಕೂ ಇಡೀ ದಿನಕ್ಕೆಂದು ನಮ್ಮ ಸಾಫ್ಟ್‌ವೇರ್ ಮಂಟಪ ಕೊಟ್ಟುಬಿಟ್ಟಿದೆ. ಹಾಗೆ ಒಂದೇ ದಿನ ಇಬ್ಬರಿಗೆ ಕೊಡದಂತೆ ತಡೆಯುವ ಕೋಡನ್ನು ನಾನೇ ಚಳಿಗಾಲದಲ್ಲಿ ಬರೆದು ಪೆನ್‌ಡ್ರೈವಿಗೆ ಹಾಕಿದ್ದೆ. ಅದು 'ನಿಜವಾದ ಫೈನಲ್'ನಲ್ಲಿ ಭದ್ರವಾಗಿತ್ತು. ಮಂಟಪಕ್ಕೆ ಹೋದದ್ದು 'ಇದೇ ಫೈನಲ್'.

ಮಾಲೀಕರು ಗುರುಗಳನ್ನೂ ನನ್ನನ್ನೂ ಆಟೋ ಹತ್ತಿಸಿ ಕಳಿಸಿದರು. ಮಂಟಪದ ನಟ್ಟನಡುವೆ ಉಪನಯನದ ಮನೆಯ ಅಜ್ಜಿಯೊಬ್ಬರು ಕುರ್ಚಿ ಹಾಕಿಕೊಂಡು ಕೂತಿದ್ದರು. ಜಾಗ ಹಿಡಿದಿದ್ದರು ಎಂದರೂ ಸರಿಯೇ. ನಮ್ಮನ್ನು ನೋಡಿ, "ನೀವು ಆರತಕ್ಷತೆಯವ್ರಾ? ಹುಡುಗನ ಕಡೆನೋ, ಹುಡುಗಿ ಕಡೆನೋ?" ಎಂದು ಕೇಳಿದರು.

ಗುರುಗಳು ಕೈ ಮುಗಿದರು. "ನಾವು ಕಂಪ್ಯೂಟರ್ ಕಡೆಯವ್ರು, ಅಮ್ಮ."

"ಓಹೋ, ಹಾಗಾದ್ರೆ ತಪ್ಪು ನಿಮ್ದೇ. ಕೂತ್ಕೊಳ್ಳಿ, ಕಾಫಿ ಕುಡೀರಿ. ಆಮೇಲೆ ಬೈತೀನಿ."

ಹೇಳಿದಂತೆಯೇ ಕಾಫಿ ಕೊಡಿಸಿ, ಆಮೇಲೆ ಸಾವಕಾಶವಾಗಿ ಬೈದರು. ಬೈದು ಮುಗಿಸಿ ಪರಿಹಾರವನ್ನೂ ಅವರೇ ಹೇಳಿದರು. ಉಪನಯನದ ಊಟ ಮಧ್ಯಾಹ್ನಕ್ಕೆ ಮುಗಿಯುತ್ತದೆ, ಕುರ್ಚಿ ತಿರುಗಿಸಿ ಆರತಕ್ಷತೆಯವರಿಗೆ ಬಿಟ್ಟುಕೊಡೋಣ, ಅಡುಗೆಯವರು ಒಲೆ ಹಂಚಿಕೊಳ್ಳಲಿ. ಅಡುಗೆಯವರಿಗಂತೂ ಪರಸ್ಪರ ಗುರುತಿತ್ತು, ಕಾಯಿ ತುರಿಯುತ್ತ ಹರಟೆಗೆ ಕೂತೇಬಿಟ್ಟಿದ್ದರು. ಮರುದಿನ ಮಧ್ಯಾಹ್ನ ಕುರ್ಚಿ ತಿರುಗಿಸಿದವರು ಮಾತ್ರ ಕಂಪ್ಯೂಟರ್ ಕಡೆಯವರು. ಗುರುಗಳು ಪಂಚೆ ಎತ್ತಿಕಟ್ಟಿ ಒಂದರ ಮೇಲೊಂದು ಕುರ್ಚಿ ಪೇರಿಸುತ್ತಿದ್ದರು.

ಆ ವಾರವೇ ಮಾಲೀಕರು ಮಲ್ಲೇಶ್ವರದಲ್ಲಿ ನಡೆಯುವ ಒಂದು ವಾರದ ತರಬೇತಿಗೆ ನಮ್ಮಿಬ್ಬರ ಹೆಸರು ಕೊಟ್ಟರು. ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಗಿಟ್ ಎಂಬ ವ್ಯವಸ್ಥೆ ಒಂದು, ಬಿಲ್ಡನ್ನು ತಾನಾಗಿಯೇ ಆಗುವಂತೆ ಮಾಡುವುದು ಇನ್ನೊಂದು. ತರಬೇತಿ ಆಷಾಢದಲ್ಲಿ. ಆಷಾಢದಲ್ಲಿ ಯಾರೂ ಮದುವೆ ಮಾಡುವುದಿಲ್ಲವಾದ್ದರಿಂದ ನಾವಿಲ್ಲದಿದ್ದರೂ ನಡೆಯುತ್ತದೆ ಎಂಬುದು ಮಾಲೀಕರ ಪಂಚಾಂಗ.

ಕಾಗದ ನೋಡಿ ನಾನು ಕೇಳಿದೆ, "ಸಾರ್, ಇದು ಅಡ್ವಾನ್ಸ್ಡ್ ಕೋರ್ಸು. ಗುರುಗಳು ಗಿಟ್ ಮುಟ್ಟೇ ಇಲ್ವಲ್ಲ?"

"ಬೇಸಿಕ್ ಅಂದ್ರೆ ಅವ್ರಿಗೆ ಬೇಜಾರಾಗತ್ತಮ್ಮ. ನೀನು ಪಕ್ಕದಲ್ಲಿ ಕೂತ್ಕೊಂಡು ಮೆತ್ತಗೆ ಹೇಳ್ಕೊಡು."

ಗುರುಗಳ ಮನೆ ಹನುಮಂತನಗರದಲ್ಲಿ. ಅವರು ನ್ಯಾಷನಲ್ ಕಾಲೇಜಿನ ಹತ್ತಿರ ಮೆಟ್ರೊ ಹತ್ತಿದರೆ ನಾನು ಮಾರ್ಕೆಟ್ಟಿನಲ್ಲಿ ಅದೇ ಡಬ್ಬಿಗೆ ಸೇರಿಕೊಳ್ಳುತ್ತಿದ್ದೆ. ಮೊದಲ ದಿನ ಸಂಪಿಗೆ ರಸ್ತೆಯಲ್ಲಿ ಇಳಿಯುವವರೆಗೂ ಅವರು ಹೇಳಿದ್ದು ಒಂದೇ ಮಾತು. "ಈ ವಯಸ್ಸಲ್ಲಿ ಬೆನ್ನಿಗೆ ಬ್ಯಾಗು ಹಾಕ್ಕೊಂಡು ಸ್ಕೂಲಿಗೆ ಹೋಗೋ ಯೋಗ ಇತ್ತು ನೋಡು."

ತರಬೇತಿ ಒಂದು ಸೀರೆ ಅಂಗಡಿಯ ಮೇಲಿನ ಮಹಡಿಯಲ್ಲಿ. ಅಂಗಡಿಯಲ್ಲಿ ಆಷಾಢದ ರಿಯಾಯಿತಿ ಮಾರಾಟ ನಡೆದಿತ್ತು. ಮೆಟ್ಟಿಲು ಹತ್ತುವಾಗ ನನ್ನ ಕಾಲು ತಾನಾಗಿಯೇ ಎಡಕ್ಕೆ ಎಳೆಯುತ್ತಿತ್ತು, ಗುರುಗಳು "ಮೇಲೆ, ಮೇಲೆ," ಎಂದು ಹಸು ಅಟ್ಟುವಂತೆ ಅಟ್ಟುತ್ತಿದ್ದರು.

ಕಲಿಸುವವರು ಮೂವತ್ತರ ಒಳಗಿನ ಒಬ್ಬ ಹುಡುಗಿ. ಕುಳ್ಳಗೆ, ಚುರುಕಾಗಿ, ಒಂದು ಕೈಯಲ್ಲಿ ಸ್ಕೂಟರಿನ ಹೆಲ್ಮೆಟ್ ಹಿಡಿದುಕೊಂಡೇ ಒಳಗೆ ಬಂದು ಇಂಗ್ಲಿಷಿನಲ್ಲಿ ಶುರುಮಾಡಿದಳು. ಬೇರೆ ಬೇರೆ ಕಂಪನಿಗಳ ಎಳೆಯರೆಲ್ಲ ತಲೆಯಾಡಿಸುತ್ತಿದ್ದರು. ಗುರುಗಳು ಕೈ ಎತ್ತಿದರು.

"ಮೇಡಂ, ನಿಮಗೆ ಕನ್ನಡ ಬರತ್ತಾ?"

"ಹುಟ್ಟಿದ್ದೇ ಇಲ್ಲಿ ಸಾರ್, ಮಲ್ಲೇಶ್ವರದಲ್ಲಿ. ಯಾರೂ ಕೇಳ್ಲಿಲ್ಲ ಅಂತ ಸುಮ್ನಿದ್ದೆ."

ಅಲ್ಲಿಂದ ಪಾಠ ಕನ್ನಡಕ್ಕೆ ಹೊರಳಿತು. ತಲೆಯಾಡಿಸುತ್ತಿದ್ದ ಎಳೆಯರಲ್ಲಿ ಅರ್ಧ ಜನ ಆಗ ಪ್ರಶ್ನೆ ಕೇಳಲು ಶುರುಮಾಡಿದರು. ಅಷ್ಟು ಹೊತ್ತು ಅವರಿಗೂ ಏನೂ ತಲೆಗೆ ಹತ್ತಿರಲಿಲ್ಲ ಎಂಬುದು ಆಗ ತಿಳಿಯಿತು.

ಗಿಟ್‌ನಲ್ಲಿ ಒಂದೊಂದು ಬದಲಾವಣೆ ಮಾಡಿದಾಗಲೂ ಅದನ್ನು ಉಳಿಸಿ, ಏನು ಬದಲಾಯಿಸಿದೆ, ಯಾಕೆ ಎಂದು ಒಂದು ಸಾಲು ಬರೆಯಬೇಕು. ಗುರುಗಳು ಬೆಳಗಿನಿಂದ ಪ್ರತಿ ಸಲವೂ ಬರೆದದ್ದು 'ಮಾಡಿದೆ' ಎಂದು ಮಾತ್ರ. ಹುಡುಗಿ ಅವರ ಹಿಂದೆ ನಿಂತು ಓದಿದಳು. ಮಾಡಿದೆ. ಮಾಡಿದೆ. ಮತ್ತೆ ಮಾಡಿದೆ.

"ಸಾರ್, ಏನ್ ಮಾಡಿದ್ರಿ ಅಂತ ಬೇರೆಯವ್ರಿಗೆ ಗೊತ್ತಾಗ್ಬೇಕಲ್ವಾ?"

"ನೋಡಿದ್ರೆ ಗೊತ್ತಾಗತ್ತಲ್ಲಮ್ಮ."

"ನೋಡೋರು ನೀವಲ್ಲ ಸಾರ್. ನೀವು ರಜಾ ಹಾಕ್ದಾಗ ಈ ಮೇಡಂ ನೋಡ್ತಾರೆ," ಎಂದು ನನ್ನತ್ತ ಕೈ ತೋರಿಸಿದಳು.

"ನಾನು ರಜಾ ಹಾಕಲ್ಲ," ಎಂದರು ಗುರುಗಳು. ಆದರೂ ಮಧ್ಯಾಹ್ನದಿಂದ ಬರೆಯತೊಡಗಿದರು. ಈಗ ಅತಿಯಾಯಿತು. ಒಂದು ಅಲ್ಪವಿರಾಮ ತೆಗೆದದ್ದಕ್ಕೆ ಅರ್ಧ ಪುಟದ ವಿವರಣೆ, ಕೊನೆಯಲ್ಲಿ 'ಇಂತಿ' ಎಂದು ಹಾಕಿ ತಮ್ಮ ಹೆಸರು.

ಎರಡನೆಯ ದಿನ ನಡೆದದ್ದನ್ನು ನಾನು ಮರೆಯಲಾರೆ. ಇಬ್ಬರು ಒಂದೇ ಸಾಲನ್ನು ಬೇರೆಬೇರೆಯಾಗಿ ಬದಲಾಯಿಸಿದರೆ ಏನಾಗುತ್ತದೆ ಎಂಬುದು ಅಂದಿನ ಪಾಠ. ಯಾವುದು ಸರಿ ಎಂದು ಗಿಟ್ ತಾನು ತೀರ್ಮಾನಿಸುವುದಿಲ್ಲ. ಎರಡನ್ನೂ ಎದುರಿಗಿಟ್ಟು ನೀವೇ ಮಾತಾಡಿಕೊಳ್ಳಿ ಎನ್ನುತ್ತದೆ. ಅಭ್ಯಾಸಕ್ಕೆ ಏನನ್ನು ಬರೆಯೋಣ ಎಂದು ಹುಡುಗಿ ಕೇಳಿದಳು. ಮದುವೆಯ ಕೆಲಸ ಗೊತ್ತಿದ್ದವರು ನಾವಾದ್ದರಿಂದ ಗುರುಗಳು "ಮದುವೆ ಊಟ ಬರೆಯೋಣ," ಎಂದರು. ಎಲ್ಲರೂ ಒಪ್ಪಿದರು. ಅಲ್ಲಿಗೆ ಕೆಟ್ಟಿತು.

ಸಿಹಿ ಎಂಬ ಸಾಲಿನ ಮುಂದೆ ಗುರುಗಳು ಹಯಗ್ರೀವ ಎಂದು ಬರೆದರು. ನಾನು ಒಬ್ಬಟ್ಟು ಎಂದು ಬರೆದೆ. ಯಾರೋ ಚಿರೋಟಿ ಎಂದರು, ಯಾರೋ ಐಸ್‌ಕ್ರೀಮ್. ನಾವಿಬ್ಬರೂ ಗಿಟ್ ಮರೆತು ವಾದಕ್ಕೆ ಇಳಿದೆವು.

"ಒಬ್ಬಟ್ಟಿಲ್ದೇ ಇದ್ರೆ ಅದು ಮದುವೇನೇ ಅಲ್ಲ ಗುರುಗಳೇ."

"ಒಬ್ಬಟ್ಟು ಯುಗಾದಿಗಮ್ಮ! ಎಲೆ ಮೇಲೆ ಹಯಗ್ರೀವ ಬೀಳ್ಬೇಕು, ಅದರ ಮೇಲೆ ತುಪ್ಪ."

ಅಷ್ಟರಲ್ಲಿ ಮುಂದಿನ ಸಾಲಿನಲ್ಲಿದ್ದ ಟೊಪ್ಪಿಗೆಯ ಹುಡುಗ ಪಲ್ಯ ಎಂಬ ಜಾಗದಲ್ಲಿ ಗೋಬಿ ಮಂಚೂರಿ ಎಂದು ಹಾಕಿ ಎಲ್ಲರಿಗೂ ಸೇರಿದ ಪ್ರತಿಗೆ ಕಳಿಸಿಯೂಬಿಟ್ಟ. ಗುರುಗಳ ಪರದೆಯ ಮೇಲೆ ಅದು ಬಂದು ಕೂತಿತು.

"ಮದುವೆ ಎಲೆಗೆ ಗೋಬಿನಾ?" ಎಂದು ಅವರು ಎದ್ದೇ ನಿಂತರು.

"ಗುರು, ಈಗೆಲ್ಲಾ ಹಾಕ್ತಾರೆ," ಎಂದ ಹುಡುಗ. ಅವನು ಎಲ್ಲರನ್ನೂ ಗುರು ಎನ್ನುವವನು, ಇವರು ನಿಜವಾಗಿಯೂ ಗುರುಗಳೆಂದು ಅವನಿಗೇನು ಗೊತ್ತು.

ನಮ್ಮ ಬದಲಾವಣೆಯನ್ನು ಎಲ್ಲರಿಗೂ ಸೇರಿದ ಪ್ರತಿಗೆ ಕಳಿಸುವಾಗ, ಅಲ್ಲಿ ಬೇರೆಯವರದು ಮೊದಲೇ ಬಂದಿದ್ದರೆ ಗಿಟ್ ತಡೆಯುತ್ತದೆ. ಮೊದಲು ಅವರದನ್ನು ನೋಡಿ ಬಾ ಎನ್ನುತ್ತದೆ. ಆ ತಡೆಯನ್ನು ಲೆಕ್ಕಿಸದೆ ನುಗ್ಗಿಸುವ ಒಂದು ಆಜ್ಞೆಯೂ ಇದೆ. ಗುರುವಾರದ ಪಾಠಕ್ಕೆಂದು ಇಟ್ಟಿದ್ದ ಅದನ್ನು ಗುರುಗಳು ಕೈಪಿಡಿಯ ಹಿಂದಿನ ಪುಟದಲ್ಲಿ ಕಂಡುಹಿಡಿದಿದ್ದರು. ಒತ್ತಿಯೇಬಿಟ್ಟರು. ಗೋಬಿ ಹೋಯಿತು. ಗೋಬಿಯ ಜೊತೆಗೆ ನನ್ನ ಒಬ್ಬಟ್ಟು, ಚಿರೋಟಿ, ಇಡೀ ಕ್ಲಾಸಿನವರು ಬೆಳಗಿನಿಂದ ಮಾಡಿದ್ದ ಕೆಲಸ, ಎಲ್ಲವೂ ಹೋಯಿತು. ಗೋಡೆಯ ದೊಡ್ಡ ಪರದೆಯ ಮೇಲೆ ಉಳಿದದ್ದು ಒಂದೇ ಪದ: ಹಯಗ್ರೀವ.

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಗುರುಗಳು ಮಾತ್ರ ಕುರ್ಚಿಯಲ್ಲಿ ಕುಸಿದರು. "ಎಲ್ಲಾ ಹೋಯ್ತಾ? ಎಲ್ಲರ್ದೂ?" ಎಂದು ನನ್ನನ್ನು ಕೇಳಿದರು. ಆ ಧ್ವನಿ ಕೇಳಿ ನನಗೆ ನಗು ನಿಂತಿತು.

ಹುಡುಗಿ ಮಾತ್ರ ಸಂತೋಷಪಟ್ಟಳು. "ಥ್ಯಾಂಕ್ಸ್ ಸಾರ್! ನಾನೇ ಗುರುವಾರ ಯಾರ ಕೈಲಾದ್ರೂ ಹೀಗೆ ಮಾಡಿಸ್ಬೇಕು ಅಂತಿದ್ದೆ. ಯಾರೂ ಗಾಬರಿಯಾಗ್ಬೇಡಿ. ನಿಮ್ಮೆಲ್ಲರ ಮಿಷಿನ್ನಲ್ಲೂ ಹಿಂದಿನದೆಲ್ಲ ಇದೆ." ನನ್ನ ಲ್ಯಾಪ್‌ಟಾಪಿನ ಮುಂದೆ ಬಗ್ಗಿ ನಿಂತು ನಾಲ್ಕು ಅಕ್ಷರ ಒತ್ತಿದಳು. ಒಬ್ಬಟ್ಟು ಬಂತು. ಚಿರೋಟಿ ಬಂತು. ಗೋಬಿಯೂ ಬಂತು. ಟೊಪ್ಪಿಗೆಯ ಹುಡುಗ ಚಪ್ಪಾಳೆ ತಟ್ಟಿದ. ಗುರುಗಳು ಪರದೆಯನ್ನೇ ನೋಡುತ್ತ ಕೂತಿದ್ದರು.

ಮಧ್ಯಾಹ್ನ ಊಟಕ್ಕೆ ಹತ್ತಿರದ ದರ್ಶಿನಿಗೆ ಹೋದೆವು. ನಿಂತುಕೊಂಡು ತಿನ್ನುವ ಎತ್ತರದ ಮೇಜು. ಗುರುಗಳು ತಟ್ಟೆಯಲ್ಲಿ ಬಿಸಿಬೇಳೆಬಾತನ್ನು ಸುಮ್ಮನೆ ಆಚೀಚೆ ಸರಿಸುತ್ತಿದ್ದರು.

"ಹೊಸದಾಗಿ ಕೆಲಸಕ್ಕೆ ಸೇರಿದ್ದೆ," ಎಂದು ಇದ್ದಕ್ಕಿದ್ದಂತೆ ಶುರುಮಾಡಿದರು. "ಬೇರೆ ಕಂಪನಿ. ಒಂದಿನ ಕರೆಂಟ್ ಹೋಗಿ ಬಂತು, ಡಿಸ್ಕ್ ಸತ್ತುಹೋಯ್ತು. ಒಂದೇ ಕಾಪಿ ಇದ್ದಿದ್ದು. ನೆನಪಿಂದ ಮತ್ತೆ ಬರೀಬೇಕಾಯ್ತು, ಎಲ್ಲಾನೂ. ಆಗ ಮಗಳು ಹುಟ್ಟಿ ಕೆಲವು ತಿಂಗಳಾಗಿತ್ತು. ಮಗು ಬೋರಲು ಬಿತ್ತು ಅಂತ ಮನೇಲಿ ಕಡುಬು ಮಾಡಿದ್ರಂತೆ. ನಾನು ನೋಡ್ಲಿಲ್ಲ. ನಾನು ನೋಡೋ ಹೊತ್ತಿಗೆ ಅಂಬೆಗಾಲಿಡ್ತಿತ್ತು."

ಅಷ್ಟು ವರ್ಷ ನಾವು ನಕ್ಕಿದ್ದ ಫೋಲ್ಡರುಗಳನ್ನು ಒಂದೊಂದಾಗಿ ಯಾಕೆ ಕೂಡಿಟ್ಟಿದ್ದರೆಂದು ನನಗೆ ಆಗ ತಿಳಿಯಿತು. ನನ್ನ ತಟ್ಟೆಯಲ್ಲಿದ್ದ ಬೂಂದಿಯನ್ನು ಅವರ ಬಾತಿನ ಮೇಲೆ ಹಾಕಿದೆ. ಅವರು ತಿನ್ನತೊಡಗಿದರು.

"ಆ ಹುಡುಗಿ ಎಷ್ಟು ಸಲೀಸಾಗಿ ವಾಪಸ್ ತಂದ್ಬಿಟ್ಲು ನೋಡು," ಎಂದರು ಕೈ ತೊಳೆಯುವಾಗ. "ಹೋದ್ರೂ ಹೋಗಲ್ವಂತೆ!"

ಅಂದಿನಿಂದ ಅವರು ಬೇರೆಯೇ ಮನುಷ್ಯ. ಮುಂದಿನ ಬೆಂಚಿಗೆ ಹೋದರು. ಮೇಡಂ ಹೋಗಿ 'ಪುಟ್ಟಿ' ಆಯಿತು. ಕೇಳಿದ್ದನ್ನೇ ಮತ್ತೆ ಕೇಳುತ್ತಿದ್ದರು. ಟೊಪ್ಪಿಗೆಯ ಹುಡುಗನೊಡನೆ ರಾಜಿಯೂ ಆಯಿತು. ಗೋಬಿ ಎಲೆಯ ಮೇಲೆ ಬೇಡ, ಸಂಜೆ ಆರತಕ್ಷತೆಯ ಬಫೆಯಲ್ಲಿ ಇರಲಿ ಎಂದು ತೀರ್ಮಾನಿಸಿ, ಇಬ್ಬರೂ ಸೇರಿ ಆ ಸಾಲನ್ನು ಸರಿಪಡಿಸಿದರು. ಒಬ್ಬಟ್ಟಿನ ವಿಷಯದಲ್ಲಿ ಮಾತ್ರ ನನಗೆ ಇವತ್ತಿಗೂ ನ್ಯಾಯ ಸಿಕ್ಕಿಲ್ಲ.

ವಾರದ ಕೊನೆಯ ಭಾಗ ಬಿಲ್ಡಿಗೆ ಮೀಸಲು. ಅವರವರ ಆಫೀಸಿನಲ್ಲಿ ಕೈಯಾರೆ ಮಾಡುವುದನ್ನೆಲ್ಲ ಹೆಜ್ಜೆಹೆಜ್ಜೆಯಾಗಿ ಕಂಪ್ಯೂಟರಿಗೆ ಬರೆದುಕೊಡಬೇಕು, ಆಮೇಲೆ ಅದೇ ಮಾಡಿಕೊಳ್ಳುತ್ತದೆ. ಗುರುಗಳು ಹೇಳುತ್ತ ಹೋದರು, ನಾನು ಟೈಪ್ ಮಾಡುತ್ತ ಹೋದೆ. ಶುಕ್ರವಾರದ ಮುಚ್ಚಿದ ಬಾಗಿಲಿನ ಹಿಂದೆ ಏನು ನಡೆಯುತ್ತದೆ ಎಂದು ನನಗೆ ಮೊದಲ ಸಲ ತಿಳಿದದ್ದು ಆಗಲೇ. ಎಲ್ಲ ಹೆಜ್ಜೆಗಳನ್ನೂ ಬರೆದು ಮುಗಿಸಿ, ಓಡು ಎಂದು ಆಜ್ಞೆ ಕೊಟ್ಟೆವು. ಓಡಿತು, ಅರ್ಧ ದಾರಿಯಲ್ಲಿ ನಿಂತಿತು. ಕೆಂಪು ಅಕ್ಷರ. ಮತ್ತೆ ಓಡಿಸಿದೆವು. ಮತ್ತೆ ಅದೇ ಜಾಗ, ಅದೇ ಕೆಂಪು.

ಪುಟ್ಟಿ ಬಂದು ಕೂತಳು. "ಸಾರ್, ಈ ಫೈಲುಗಳನ್ನ ಇನ್ನೊಂದು ಮಿಷಿನ್ನಿಗೆ ಕಾಪಿ ಮಾಡ್ತೀರಲ್ಲ, ಅದಾದ್ಮೇಲೆ ನೀವು ಏನ್ ಮಾಡ್ತೀರಿ?"

"ಮುಂದಿನ ಕೆಲಸ ಶುರು ಮಾಡ್ತೀನಿ."

"ತಕ್ಷಣ?"

"ತಕ್ಷಣ ಅಂದ್ರೆ..." ಗುರುಗಳು ತಡವರಿಸಿದರು. "ಆ ಹೊತ್ತಿಗೆ ಕೆಳಗಿನಿಂದ ಕಾಫಿ ಬರತ್ತೆ. ಕುಡಿದು ಶುರು ಮಾಡ್ತೀನಿ."

"ಅಲ್ಲಾ ಗುರುಗಳೇ!" ಎಂದೆ ನಾನು. "ಉಪವಾಸ ಅಂತಿದ್ರಿ?"

"ಕಾಫಿಗೆ ಏನಾಗಲ್ಲಮ್ಮ."

ಪುಟ್ಟಿ ನಗುತ್ತ ತಲೆ ಹಿಡಿದುಕೊಂಡಳು. ದೊಡ್ಡ ಫೈಲುಗಳು ಆಚೆ ಮಿಷಿನ್ನು ಮುಟ್ಟಲು ಸ್ವಲ್ಪ ಹೊತ್ತು ಬೇಕು. ಗುರುಗಳು ಕಾಫಿ ಕುಡಿಯುವಷ್ಟರಲ್ಲಿ ಅವು ಮುಟ್ಟುತ್ತಿದ್ದವು. ನಾವು ಬರೆದ ಪ್ರೋಗ್ರಾಮು ಕಾಫಿ ಕುಡಿಯದೆ ಮುಂದಕ್ಕೆ ಓಡಿ, ಇನ್ನೂ ಬಂದಿರದ ಫೈಲನ್ನು ಹುಡುಕಿ ಬೀಳುತ್ತಿತ್ತು. ಅಷ್ಟು ವರ್ಷ ನಮ್ಮ ಬಿಲ್ಡು ಕಾಫಿಯ ಮೇಲೆ ನಡೆದಿತ್ತು ಎಂಬುದು ಗುರುಗಳಿಗೂ ಗೊತ್ತಿರಲಿಲ್ಲ. ಎಲ್ಲ ಫೈಲೂ ಬಂದು ಸೇರುವವರೆಗೆ ಕಾಯುವಂತೆ ಪುಟ್ಟಿ ಒಂದು ಹೆಜ್ಜೆ ಸೇರಿಸಿದಳು. ಮತ್ತೆ ಓಡಿಸಿದೆವು. ಕೊನೆಯವರೆಗೂ ಹಸಿರು. ಗುರುಗಳು ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ನೋಡಿದರು. ಒತ್ತುವುದಕ್ಕೆ ಏನೂ ಇರಲಿಲ್ಲ.

"ಮುಗೀತಾ?"

"ಮುಗೀತು ಸಾರ್."

"ಹಾಗಾದ್ರೆ ಶುಕ್ರವಾರ ನಾನೇನ್ ಮಾಡ್ಲಿ?" ತಮಾಷೆಗೆಂಬಂತೆ ಕೇಳಿದರು. ಆದರೆ ಮೆಟ್ರೊದಲ್ಲಿ ವಾಪಸು ಬರುವಾಗ ನ್ಯಾಷನಲ್ ಕಾಲೇಜಿನವರೆಗೂ ಒಬ್ಬರೇ ಹೋಗಬೇಕಲ್ಲ ಎಂದು, ನಾನು ಇಳಿಯಬೇಕಾದಲ್ಲಿ ಇಳಿಯದೆ ಅವರ ಜೊತೆಗೇ ಹೋದೆ. ಗಾಂಧಿ ಬಜಾರಿನಲ್ಲಿ ಹೂವು ತಗೋಬೇಕಿತ್ತು ಎಂದು ಒಂದು ಸುಳ್ಳು ಸಿದ್ಧಮಾಡಿಟ್ಟುಕೊಂಡಿದ್ದೆ, ಅದು ಬೇಕಾಗಲಿಲ್ಲ.

ಶ್ರಾವಣ ಬಂತು, ಮದುವೆಗಳು ಶುರುವಾದವು. ಗುರುಗಳು ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ವರಮಹಾಲಕ್ಷ್ಮಿ ಹಬ್ಬದ ಶುಕ್ರವಾರ ರಜಾ ಹಾಕಿದರು. ಬಿಲ್ಡ್ ಮಧ್ಯಾಹ್ನ ತಾನಾಗಿಯೇ ಶುರುವಾಗಬೇಕು. ಬೆಳಗಿನಿಂದಲೇ ಅವರ ಫೋನು. "ಕರೆಂಟ್ ಇದ್ಯಾ?" "ಇದೆ ಗುರುಗಳೇ." "ಮಿಷಿನ್ ಬಿಸಿಯಾಗಿಲ್ಲ ತಾನೇ?" "ಇಲ್ಲ, ನೀವು ಪೂಜೆಗೆ ಕೂತ್ಕೊಳ್ಳಿ."

ಹೊತ್ತಿಗೆ ಸರಿಯಾಗಿ ಬಿಲ್ಡ್ ಶುರುವಾಯಿತು. ನಾವೆಲ್ಲ ಒಂದೇ ಪರದೆಯ ಮುಂದೆ ಗುಂಪುಗೂಡಿದೆವು. ಹಸಿರು, ಹಸಿರು, ಹಸಿರು, ಆಮೇಲೆ ಕೆಂಪು. ಬಿಲ್ಡ್ ಮುರಿದರೆ ಯಾರ ಬದಲಾವಣೆಯಿಂದ ಮುರಿಯಿತು ಎಂದು ಎಲ್ಲರ ಫೋನಿಗೂ ಸಂದೇಶ ಹೋಗುವಂತೆ ನಾವೇ ಮಾಡಿದ್ದೆವು. ಫೋನುಗಳು ಒಟ್ಟಿಗೆ ಕುಯ್‌ಗುಟ್ಟಿದವು. ತೆರೆದು ನೋಡಿದರೆ ಗುರುಗಳ ಹೆಸರು! ಹಿಂದಿನ ದಿನ ಹೊರಡುವ ಮುನ್ನ ಸಣ್ಣದೇನನ್ನೋ ತಿದ್ದಿ ಕಳಿಸಿದ್ದರು. ಅರ್ಧ ಪುಟದ ವಿವರಣೆ ಇತ್ತು, 'ಇಂತಿ' ಇತ್ತು, ಒಂದು ಆವರಣ ಚಿಹ್ನೆ ಇರಲಿಲ್ಲ. ಮಾಲೀಕರು ನಕ್ಕು ನಕ್ಕು ಗೋಡೆಗೆ ಒರಗಿದರು.

ಫೋನ್ ಬಂತು. ಹಿನ್ನೆಲೆಯಲ್ಲಿ ಗಂಟೆಯ ಸದ್ದು. "ನಂದೇನಾ?"

"ನಿಮ್ದೇ ಗುರುಗಳೇ."

"ಆಟೋ ಹಿಡ್ಕೊಂಡು ಬಂದ್ಬಿಡ್ಲಾ?"

"ಬೇಡ. ನಿಮ್ಮ ಬದಲಾವಣೆ ತೆಗ್ದು, ಅದಕ್ಕೆ ಮುಂಚಿನದಕ್ಕೆ ಹೋಗ್ತೀನಿ. ಒಂದ್ನಿಮಿಷ, ಲೈನಲ್ಲಿರಿ." ತೆಗೆದೆ. ಮತ್ತೆ ಓಡಿಸಿದೆ. ಅವರು ಉಸಿರು ಬಿಡುವುದು ನನಗೆ ಕೇಳಿಸುತ್ತಿತ್ತು. ಈ ಸಲ ಕೊನೆಯವರೆಗೂ ಹಸಿರಾಯಿತು.

"ಆಯ್ತು ಗುರುಗಳೇ."

"ಅಷ್ಟೇನಾ?" ಎಂದರು. "ಅಷ್ಟೇನಾ!" ಎಂದು ಇನ್ನೊಂದು ಸಲ ಅಂದು ನಗಲು ಶುರುಮಾಡಿದರು. ಫೋನು ಅವರ ಹೆಂಡತಿಯ ಕೈಗೆ ಹೋಯಿತು. "ಸಾಯಂಕಾಲ ಅರಿಶಿನ ಕುಂಕುಮಕ್ಕೆ ಬಂದ್ಬಿಡಮ್ಮ," ಎಂದರು.

ಸಂಜೆ ಹನುಮಂತನಗರದ ಅವರ ಮನೆಗೆ ಹೋದೆ. ಲಕ್ಷ್ಮಿಗೆ ಹಸಿರು ರೇಷ್ಮೆ ಉಡಿಸಿದ್ದರು. ಗುರುಗಳು ಜರಿಪಂಚೆ ಉಟ್ಟು, ಬಂದ ಹೆಂಗಸರಿಗೆಲ್ಲ ತಾವೇ ಕೋಸಂಬರಿ ಹಂಚುತ್ತಿದ್ದರು. ಮಗಳೂ ಬಂದಿದ್ದಳು, ಅಪ್ಪನನ್ನು ಹೀಗೆ ನೋಡಿ ಫೋಟೊ ತೆಗೆಯುತ್ತಿದ್ದಳು. ನನಗೆ ಕುಂಕುಮ ಕೊಟ್ಟು, ಅವರ ಹೆಂಡತಿ ಅಡುಗೆಮನೆಯ ಬಾಗಿಲ ಹತ್ತಿರ ಕರೆದುಕೊಂಡು ಹೋದರು.

"ಇವ್ರು ಮುಂದಿನ ಶುಕ್ರವಾರಾನೂ ಮನೇಲೇ ಇರ್ತಾರಂತೆ, ನಿಜಾನಾ?"

"ಹೌದಂತೆ ಆಂಟಿ. ಇನ್ನು ಅವ್ರು ಆರಾಮವಾಗಿರ್ಬಹುದು."

ಅವರು ದನಿ ತಗ್ಗಿಸಿದರು. "ಬೆಳಗ್ಗೆಯಿಂದ ನನ್ ಹಿಂದೇನೇ ನಿಂತಿದಾರಮ್ಮ. ಒಗ್ಗರಣೆಗೆ ಸಾಸಿವೆ ಮೊದ್ಲೋ ಇಂಗು ಮೊದ್ಲೋ, ಯಾಕೆ ಹಾಗೆ, ಒಂದೊಂದಾಗಿ ಹೇಳು ಬರ್ಕೊತೀನಿ ಅಂತ. ನಿಮ್ ಆಫೀಸಲ್ಲಿ ಶುಕ್ರವಾರ ಬೇರೆ ಏನಾದ್ರೂ ಕೆಲಸ ಇದ್ರೆ ನೋಡಮ್ಮ, ನಿನ್ ದಮ್ಮಯ್ಯ."